ಎರಡು ಸಲ ತಟ್ಟಿದ ಗೋಡೆ

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿಹೋದ ಅಜ್ಜಿ ಇಂಥ ಯಾವುದನ್ನೂ ನಾನು ನಂಬಿದವಳಲ್ಲ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಪಾಠ ಮಾಡಿದವಳು. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಂಥ ಕಥೆ ತೆಗೆದರೆ "ಆಗ ಕರೆಂಟ್ ಇತ್ತಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ನನಗೆ ಸಂಕೋಚವೇ. ನೀವು ನಗುವುದಾದರೆ ನಗಿ, ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ನಡುವಿನಲ್ಲಿ ನಾವು ಮುಳಬಾಗಿಲಿನಲ್ಲಿ ಬಾಡಿಗೆಗಿದ್ದೆವು. ಆ ಬೀದಿಯಲ್ಲಿ ಫೋನ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹೆಸರಿಗೆ ಅದು ನಮ್ಮ ನಂಬರ್, ಉಪಯೋಗಕ್ಕೆ ಇಡೀ ಬೀದಿಯದು. ಮದುವೆ ಕಾರ್ಡಿನಲ್ಲಿ, ಅಂಗಡಿ ಬೋರ್ಡಿನಲ್ಲಿ ನಮ್ಮ ನಂಬರ್ ಹಾಕಿ ಪಕ್ಕದಲ್ಲಿ 'ಪಿ.ಪಿ.' ಎಂದು ಬರೆಸುತ್ತಿದ್ದರು. ಅಂದರೆ ಪಕ್ಕದ ಮನೆಯ ಫೋನು, ಕೇಳಿದರೆ ಕರೆದುಕೊಡುತ್ತಾರೆ ಎಂದರ್ಥ. ಒಲೆಯ ಮೇಲೆ ಹಾಲಿಟ್ಟು ಬೀದಿಯ ಕೊನೆಯವರೆಗೆ ಓಡಿದ್ದು ಎಷ್ಟು ಸಲವೋ. ಗೊಣಗುತ್ತಿದ್ದೆ, ಆದರೂ ಓಡುತ್ತಿದ್ದೆ.

ನಮ್ಮ ಗೋಡೆಗೆ ಗೋಡೆ ಸೇರಿದ ಮನೆ ಪದ್ಮಕ್ಕನದು. ಅವರ ತಂಗಿ ಮಂಜುಳ ಯಲ್ದೂರಿನ ತವರಿನವರಿಗೆ ಹೇಳದೆ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಮಾಲೂರು ಸೇರಿದ್ದಳು. ಅವಳ ಹೆಸರೆತ್ತಬಾರದೆಂದು ತವರಿನಲ್ಲೂ ಕಟ್ಟಪ್ಪಣೆ, ಪದ್ಮಕ್ಕನ ಅತ್ತೆಯದೂ ಅದೇ ಕಟ್ಟಪ್ಪಣೆ. ಅದಕ್ಕೇ ನಾವು ಮೂವರೂ ಒಂದು ಏರ್ಪಾಡು ಮಾಡಿಕೊಂಡಿದ್ದೆವು. ಮಂಜುಳ ಬೂತಿನಿಂದ ಎರಡು ರಿಂಗ್ ಕೊಟ್ಟು ಇಟ್ಟುಬಿಡುತ್ತಿದ್ದಳು. ಕೂಗಿ ಕರೆದರೆ ಅತ್ತೆಗೆ ತಿಳಿಯುತ್ತದಲ್ಲ, ನಾನು ಗೋಡೆಯನ್ನು ಎರಡು ಸಲ ತಟ್ಟುತ್ತಿದ್ದೆ. ಪದ್ಮಕ್ಕ ಹೆಪ್ಪಿಗೆ ಮಜ್ಜಿಗೆ ಬೇಕೆಂಬ ನೆಪ ಮಾಡಿ ಲೋಟ ಹಿಡಿದು ಬರುತ್ತಿದ್ದರು. ಹತ್ತು ನಿಮಿಷಕ್ಕೆ ಫೋನ್ ಮತ್ತೆ ಬರುತ್ತಿತ್ತು. ಅಕ್ಕತಂಗಿಯರು ತೆಲುಗಿನಲ್ಲಿ ಪಿಸುಗುಟ್ಟುವಾಗ ನಾನು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಏಳೆಂಟು ವರ್ಷ ಹೀಗೆ ನಡೆಯಿತು.

ಆಮೇಲೆ ನನಗೆ ಕೋಲಾರಕ್ಕೆ ವರ್ಗವಾಯಿತು. ಅಷ್ಟು ಹೊತ್ತಿಗೆ ಮಂಜುಳ ಫೋನ್ ಮಾಡಿ ಆರು ತಿಂಗಳಾಗಿತ್ತು. ಗಂಡಹೆಂಡತಿ ಕೆಲಸ ಹುಡುಕಿಕೊಂಡು ಮಾಲೂರು ಬಿಟ್ಟಿದ್ದರಂತೆ, ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಅಕ್ಕನನ್ನು ತಲುಪಲು ಅವಳಿಗಿದ್ದ ದಾರಿ ನಮ್ಮ ನಂಬರ್ ಒಂದೇ.

"ಊರು ಬೇಕಾದ್ರೆ ಬದಲಾಯಿಸ್ಕೊಳ್ಳಿ ಟೀಚರಮ್ಮ, ನಂಬರ್ ಬದಲಾಯಿಸ್ಬೇಡಿ" ಎಂದು ಪದ್ಮಕ್ಕ ನನ್ನ ಕೈ ಹಿಡಿದುಕೊಂಡರು.

ಊರು ಬಿಟ್ಟರೆ ನಂಬರೂ ಬಿಟ್ಟಂತೆಯೇ. ಆದರೆ ಹಳೆಯ ನಂಬರಿಗೆ ಮಾಡಿದವರಿಗೆ ಹೊಸ ನಂಬರ್ ತಿಳಿಸುವ ವ್ಯವಸ್ಥೆ ಇದೆ, ಅರ್ಜಿ ಕೊಟ್ಟರಾಯಿತು, ಕೊಡುತ್ತೇನೆ ಎಂದು ಸಮಾಧಾನ ಹೇಳಿದೆ. ಅರ್ಜಿ ಬರೆದೂ ಇಟ್ಟೆ, ಹೊಸ ನಂಬರಿಗೆ ಜಾಗ ಖಾಲಿ ಬಿಟ್ಟು. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಅದು ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಉಳಿದು ಮರೆತೇಹೋಯಿತು. ತಪ್ಪು ನನ್ನದೇ.

ಕೋಲಾರಕ್ಕೆ ಬಂದ ಒಂದು ವಾರಕ್ಕೆ, ಒಂದು ಮಧ್ಯಾಹ್ನ ಲೈನ್‌ಮನ್ ಬಂದು ಫೋನ್ ಕೂಡಿಸಿ, ಚೀಟಿಯಲ್ಲಿ ನಂಬರ್ ಬರೆದುಕೊಟ್ಟು ಹೋದ. ಯಜಮಾನರು ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ನಾನು ಆ ನಂಬರನ್ನು ಯಾರಿಗೂ ಹೇಳಿರಲಿಲ್ಲ. ಮೂರೂವರೆಗೆ ಫೋನ್ ಎರಡು ಸಲ ರಿಂಗಾಗಿ ನಿಂತಿತು. ಲೈನ್‌ಮನ್ ಪರೀಕ್ಷೆ ಮಾಡುತ್ತಿರಬೇಕು ಎಂದುಕೊಂಡೆ. ಕೈ ಕೇಳಬೇಕಲ್ಲ, ಹಳೆಯ ಅಭ್ಯಾಸ, ಹೋಗಿ ಗೋಡೆಯನ್ನು ಎರಡು ಸಲ ತಟ್ಟಿತು. ಆ ಗೋಡೆಯಾಚೆ ಇದ್ದದ್ದು ಖಾಲಿ ಸೈಟು. ನನ್ನ ಪೆದ್ದುತನಕ್ಕೆ ನಾನೇ ನಕ್ಕೆ.

ಹತ್ತು ನಿಮಿಷಕ್ಕೆ ಮತ್ತೆ ರಿಂಗಾಯಿತು.

"ಟೀಚರ್, ಅಕ್ಕ ಬಂದ್ಳಾ?"

ಮಂಜುಳಳ ದನಿಯೇ. "ನಾವೀಗ ಕೋಲಾರದಲ್ಲಿದ್ದೀವಿ ಕಣೇ. ಈ ನಂಬರ್ ಯಾರು ಕೊಟ್ರು ನಿಂಗೆ?"

"ನಿಮ್ ನಂಬರ್ರೇ ಅಲ್ವಾ ಟೀಚರ್, ನಂಗೆ ಬಾಯಿಪಾಠ. ಅಕ್ಕ ಬರ್ಲಿ ಬಿಡಿ, ಕಾಯ್ತೀನಿ."

ಎಲ್ಲಿದ್ದೀಯ ಹೇಳು, ಬರೆದುಕೊಳ್ಳುತ್ತೇನೆ ಎಂದು ಪೆನ್ನಿಗೆ ಕೈ ಹಾಕುವಷ್ಟರಲ್ಲಿ ಲೈನ್ ಹೋಗಿತ್ತು. ಬ್ಯಾಗ್ ತೆಗೆದು ನೋಡಿದೆ. ಅರ್ಜಿ ಅಲ್ಲೇ ಇತ್ತು, ಖಾಲಿ ಜಾಗವೂ ಹಾಗೆಯೇ ಇತ್ತು.

ಮರುದಿನವೂ ರಜೆ ಹಾಕಿ ಮುಳಬಾಗಿಲಿನ ಬಸ್ ಹತ್ತಿದೆ. ನಾನು ಬಾಯಿ ತೆರೆಯುವ ಮೊದಲೇ ಪದ್ಮಕ್ಕ ನನ್ನನ್ನು ಹೊರಗೆಳೆದುಕೊಂಡು ಬಂದರು.

"ನಿನ್ನೆ ಬಂದು ಗೋಡೆ ತಟ್ಟಿ ಎಲ್ಲಿಗ್ ಹೋದ್ರಿ ಟೀಚರಮ್ಮ? ಮೂರೂವರೆ ಇರ್ಬೇಕು. ಲೋಟ ಹಿಡ್ಕೊಂಡು ಓಡ್ಬಂದೆ, ನೋಡಿದ್ರೆ ಬಾಗಿಲಿಗೆ ಬೀಗ."

ನಾನು ನಡೆದದ್ದನ್ನೆಲ್ಲ ಹೇಳಿದೆ, ಅರ್ಜಿ ಕೊಡದೆ ಮರೆತದ್ದನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಇಷ್ಟೇ: "ಏನಂದ್ಲು?"

"ಕಾಯ್ತೀನಿ ಅಂದ್ಲು."

ಪದ್ಮಕ್ಕ ಬೀಗ ಹಾಕಿದ ನಮ್ಮ ಹಳೆಯ ಮನೆಯ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟರು. ನನಗೂ ಅಳು ತಡೆಯಲಾಗಲಿಲ್ಲ.

ಅರ್ಜಿಯನ್ನು ಅವತ್ತೇ ಕೊಟ್ಟೆ. ಮಂಜುಳಳ ಫೋನ್ ಮಾತ್ರ ಮತ್ತೆ ಬರಲಿಲ್ಲ. ಫೋನ್ ಬಂದದ್ದಕ್ಕೆ ನಾನೇ ಒಂದು ಕಾರಣ ಕೊಡಬಲ್ಲೆ. ಆಗ ಲೈನುಗಳು ಒಂದಕ್ಕೊಂದು ತಗಲುವುದು ಇದ್ದದ್ದೇ. ಗೋಡೆಗೆ ಏನು ಹೇಳಲಿ? ಖಾಲಿ ಮನೆಯಲ್ಲಿ ಇಲಿ ಸದ್ದು ಮಾಡಿರಬಹುದು ಎಂದರೆ, ಆ ಇಲಿಗೆ ಗಡಿಯಾರ ನೋಡಲು ಬರುತ್ತಿತ್ತೇ?

ಆಮೇಲೆ ಮೊಬೈಲ್ ನಂಬರ್ ಮೂರು ಸಲ ಬದಲಾಯಿಸಿದ್ದೇನೆ, ಕೋಲಾರದ ಆ ಫೋನನ್ನು ತೆಗೆಸಿಲ್ಲ. ಸುಮ್ಮನೆ ಯಾಕೆ ಎಂದು ಯಜಮಾನರು ಕೇಳುವುದನ್ನೂ ಬಿಟ್ಟಿದ್ದಾರೆ. ಪದ್ಮಕ್ಕನ ಕೈಯಲ್ಲಿ ಈಗ ಅವರದೇ ಮೊಬೈಲ್ ಇದೆ. ಯಾವಾಗ ಮಾತಾಡಿದರೂ ಮೊದಲು ಕೇಳುವುದು, "ಮನೆ ನಂಬರ್ ಅದೇ ಇದೆಯಲ್ವಾ?" ಎಂದೇ. "ಅದೇ ಇದೆ ಅಕ್ಕ" ಎನ್ನುತ್ತೇನೆ. ಮಂಜುಳಳಿಗೆ ಬಾಯಿಪಾಠವಾಗಿದ್ದ ನಂಬರ್ ಇದಲ್ಲ ಎಂದು ನಾನೂ ಹೇಳುವುದಿಲ್ಲ, ಅವರೂ ಹೇಳುವುದಿಲ್ಲ.