ಕಡೇ ದಿನದ ಕುಡಿಕೆ

ಇವತ್ತು ತಿಂಗಳ ಕಡೇ ದಿನ. ಬೆಳಿಗ್ಗೆ ಅಡುಗೆಮನೆಯ ಮೂಲೆಯಲ್ಲಿ ಕೂತು ಮಣ್ಣಿನ ಕುಡಿಕೆಯ ಮುಚ್ಚಳ ತೆಗೆದೆ. ಹಸಿ ಅಕ್ಕಿ, ಒಣಗಿದ ಬೇವಿನೆಲೆ, ಹಳೇ ಮಣ್ಣು, ಮೂರೂ ಕಲೆತ ವಾಸನೆ ಮೂಗಿಗೆ ಬಂತು. ದಿನಾ ಬರುವ ವಾಸನೆಯೇ, ಹೊಸದೇನಲ್ಲ. ಆದರೆ ಪಾವು ಹಿಡಿದ ಕೈ ಇವತ್ತು ಕುಡಿಕೆಯೊಳಗೆ ಇಳಿಯಲಿಲ್ಲ. ಒಳಗೆ ಅಕ್ಕಿ ಎಷ್ಟಿದೆ ಎಂದು ಬಗ್ಗಿ ನೋಡಲೂ ಧೈರ್ಯವಾಗದೆ, ನಲವತ್ತೈದು ದಾಟಿದ ಹೆಂಗಸು ನಾನು, ಮುಚ್ಚಳ ಮತ್ತೆ ಮುಚ್ಚಿ ಸುಮ್ಮನೆ ಕೂತೆ.

ನಗಬೇಡಿ. ನಗುವುದಾದರೆ ಪೂರ್ತಿ ಕೇಳಿ ನಗಿ. ಹಿಂದೂಪುರದ ನಮ್ಮ ಬೀದಿಯಲ್ಲಿ ನನಗಿರುವ ಹೆಸರು ಪಿಸಿನಾರಿ, ಅಂದರೆ ಕಡು ಜಿಪುಣಿ. ತೆಲುಗಿನವರು ಇಟ್ಟದ್ದು, ಕನ್ನಡದವರು ಒಪ್ಪಿಕೊಂಡದ್ದು. ಮನೆಯ ಸಾಮಾನನ್ನು ನಾನು ಒಂದನೇ ತಾರೀಕಿಗೆ ಒಂದೇ ಸಲ ತರಿಸುತ್ತೇನೆ. ತಂದದ್ದು ಕಡೇ ದಿನದವರೆಗೆ ಬರಬೇಕು. ನಡುವೆ ಯಾರೂ ಅಂಗಡಿಯ ಮೆಟ್ಟಿಲು ತುಳಿಯುವ ಹಾಗಿಲ್ಲ. ಎಣ್ಣೆ ಮುಗಿದರೆ ಸಾರಿಗೆ ಒಗ್ಗರಣೆ ಇಲ್ಲ, ಸಕ್ಕರೆ ಮುಗಿದರೆ ಕಾಫಿ ಕಹಿ. ಒಮ್ಮೆ ಹೊಸದಾಗಿ ತೆರೆದ ದೊಡ್ಡ ಅಂಗಡಿಯೊಂದರಲ್ಲಿ ಸೋಪಿನ ಪುಡಿಗೆ ಬಕೆಟ್ಟು ಪುಕ್ಕಟೆ ಎಂದು ಮರುಳಾಗಿ ಎರಡು ಚೀಲ ಹೊತ್ತು ತಂದೆ. ಆ ತಿಂಗಳು ಕೊಬ್ಬರಿ ಎಣ್ಣೆಗೆ ಗತಿಯಿಲ್ಲದೆ ತಲೆಗೆ ನೀರು ಹಚ್ಚಿ ಬಾಚಿಕೊಂಡೆ. ಬಕೆಟ್ಟು ಈಗಲೂ ಇದೆ, ನೋಡಿದಾಗಲೆಲ್ಲ ನನ್ನನ್ನು ಅಣಕಿಸುತ್ತದೆ. ‘ಅಮ್ಮಾ, ಫೋನಲ್ಲಿ ಒತ್ತಿದ್ರೆ ಅಕ್ಕಿ ಬಾಗ್ಲಿಗೇ ಬತ್ತೈತೆ, ನಿಂದೇನು ವ್ರತ ಇದು?’ ಎಂದು ಮಗಳು ಕೇಳುತ್ತಾಳೆ. ಚಿಲಮತ್ತೂರಿನ ಕಡೆ ಬಟ್ಟೆ ಹೊಲಿಯುವ ಕಂಪನಿಗೆ ಹೋಗುವವಳು ಅವಳು. ವ್ರತವೇ ಎಂದು ನಾನು ಹೇಳುವುದಿಲ್ಲ, ಹೇಳಿದರೆ ಕತೆ ಪೂರ್ತಿ ಹೇಳಬೇಕಾಗುತ್ತದೆ.

ಈ ಹಠ ನನ್ನದಲ್ಲ. ಕಲ್ಯಾಣದುರ್ಗದಲ್ಲಿ ನನ್ನ ಅತ್ತೆ ಕಲಿಸಿದ್ದು. ಮದುವೆಯಾಗಿ ಹೋದ ಹೊಸದರಲ್ಲಿ ಅರ್ಧ ಕೇಜಿ ಬೆಲ್ಲ ತರುತ್ತೇನೆಂದು ಚಪ್ಪಲಿ ಮೆಟ್ಟಿದ್ದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ‘ಅಂಗಡಿಯೋನೇನು ನಿಮ್ಮ ಮಾವನ ತಮ್ಮನಾ ಕಣಮ್ಮ, ಹೊತ್ತಿಗೊಂದು ಸಲ ಹೋಗಿ ಮಕ ತೋರ್ಸಕ್ಕೆ? ಇರೋದ್ರಲ್ಲಿ ಮಾಡು.’ ಮೂವತ್ತೊಂದು ದಿನದ ತಿಂಗಳೆಂದರೆ ಅವರಿಗೆ ಆಗುತ್ತಿರಲಿಲ್ಲ. ‘ಈ ಕ್ಯಾಲೆಂಡರ್ ಮಾಡ್ದೋನು ಒಂದಿನಾನೂ ಒಲೆ ಮುಂದೆ ಕೂತಿಲ್ಲ’ ಎಂದು ಬಯ್ಯುತ್ತಿದ್ದರು. ಫೆಬ್ರವರಿಯಲ್ಲಿ ಮಾತ್ರ ಮುಖ ಅರಳುತ್ತಿತ್ತು.

ಅವರ ಕಟ್ಟುನಿಟ್ಟಿನ ಬೇರು ಈ ಕುಡಿಕೆಯಲ್ಲಿತ್ತು. ದಿನಾ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಅದರಿಂದ ಒಂದು ಹಿಡಿ ತೆಗೆದು ಕುಡಿಕೆಗೆ ಹಾಕಬೇಕು. ತಿಂಗಳ ಕಡೇ ದಿನ ಅಕ್ಕಿಯ ಡಬ್ಬ ಮುಟ್ಟುವಂತಿಲ್ಲ. ಮನೆಯವರೆಲ್ಲ ಅವತ್ತು ಕುಡಿಕೆಯ ಅಕ್ಕಿಯನ್ನೇ ಉಣ್ಣಬೇಕು. ಅಲ್ಲಿಯವರೆಗೆ ಯಾರೂ ಅದಕ್ಕೆ ಕೈ ಹಾಕಬಾರದು, ಎಷ್ಟಿದೆಯೆಂದು ಇಣುಕಲೂ ಬಾರದು. ಅತ್ತೆ ಆಗಾಗ ಕುಡಿಕೆಯ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು, ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಅಷ್ಟೇ.

ಇದರಲ್ಲೇನು ವಿಶೇಷ, ಎಲ್ಲ ಹೆಂಗಸರೂ ಮಾಡುವ ಉಳಿತಾಯ ಎಂದುಕೊಂಡಿದ್ದೆ. ನಾಲ್ಕೈದು ತಿಂಗಳು ಕಳೆದ ಮೇಲೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಕಡೇ ದಿನ ಅಳೆದರೆ ಸರಿಯಾಗಿ ನಾಲ್ಕು ಪಾವು ಬರುತ್ತಿತ್ತು. ತಿಂಗಳಿಗೆ ಇಪ್ಪತ್ತೆಂಟು ದಿನವಿರಲಿ, ಮೂವತ್ತೊಂದಿರಲಿ, ಹಿಡಿ ಹಾಕಿದ ಕೈ ಅತ್ತೆಯದಿರಲಿ, ನನ್ನದಿರಲಿ, ನಾಲ್ಕೇ. ತಲೆಗೊಂದು ಪಾವು. ಅತ್ತೆ, ಮಾವ, ನನ್ನ ಗಂಡ, ನಾನು. ಒಂದು ತಿಂಗಳು ಮಾತ್ರ ಐದು ಬಂತು. ಅತ್ತೆ ಐದನೆಯ ಪಾವನ್ನು ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತರು. ‘ಯಾರೋ ಬತ್ತಾವ್ರೆ’ ಎಂದು ಅದನ್ನೂ ಎಸರಿಗೆ ಸುರಿದರು. ಅನ್ನ ಬಸಿಯುವ ಹೊತ್ತಿಗೆ ಮಾವನ ತಂಗಿ ಕುಂದುರ್ಪಿ ಬಸ್ಸಿಳಿದು ಬಂದು ಬಾಗಿಲಲ್ಲಿ ನಿಂತು ಕಾಲಿನ ಧೂಳು ಒದರುತ್ತಿದ್ದರು. ಬರುತ್ತೇನೆಂದು ಅವರು ಯಾರಿಗೂ ಹೇಳಿ ಕಳಿಸಿರಲಿಲ್ಲ. ಅತ್ತೆ ಏನೂ ಆಗದವರ ಹಾಗೆ ಐದನೇ ತಟ್ಟೆ ತೊಳೆದಿಟ್ಟರು.

ಇಷ್ಟು ಕಂಡ ಮೇಲೂ ನಾನು ಮಾಡಿದ ಕೆಲಸ ಕೇಳಿ. ಬಸುರಿಯಾಗಿದ್ದೆ. ಒಬ್ಬೊಬ್ಬರಿಗೆ ಹುಣಸೆಕಾಯಿ, ಒಬ್ಬೊಬ್ಬರಿಗೆ ಮಣ್ಣು ಬೇಕೆನಿಸುತ್ತದಂತೆ. ನನಗೆ ಬೇಕೆನಿಸಿದ್ದು ಹಸಿ ಅಕ್ಕಿ. ಅದೂ ಆ ಕುಡಿಕೆಯ ಅಕ್ಕಿಯೇ. ಡಬ್ಬದ ಅಕ್ಕಿ ಜಗಿದರೆ ರುಚಿಯಿಲ್ಲ, ಕುಡಿಕೆಯದಕ್ಕೆ ಮಣ್ಣಿನ ತಂಪು ಹತ್ತಿರುತ್ತಿತ್ತು. ಅತ್ತೆ ಬೀದಿ ನಲ್ಲಿಯಿಂದ ನೀರು ತರಲು ಹೋದ ತಕ್ಷಣ ಮುಚ್ಚಳ ಸರಿಸಿ ಒಂದಿಷ್ಟು ಬಾಯಿಗೆ ಹಾಕಿಕೊಳ್ಳುತ್ತಿದ್ದೆ. ಅವರ ಕಾಲಿನ ಸದ್ದು ಕೇಳಿದರೆ ನುಂಗಿಬಿಡುತ್ತಿದ್ದೆ. ಒಂದು ತಿಂಗಳು ಪೂರ್ತಿ ಹೀಗೆ ಕದ್ದು ತಿಂದೆ.

ಆ ತಿಂಗಳ ಕಡೇ ದಿನ ಅತ್ತೆ ಅಳೆಯಲು ಕೂತರು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಪಾವು ಕುಡಿಕೆಯ ತಳ ಗೀಚಿತು. ಆ ಗೀಚಿದ ಸದ್ದು ನನಗೆ ಈಗಲೂ ಕೇಳುತ್ತದೆ. ಅತ್ತೆ ಮೂರನ್ನೂ ವಾಪಸ್ಸು ಹಾಕಿ ಮತ್ತೆ ಅಳೆದರು. ಮೂರೇ. ಅವರ ಮುಖ ನೋಡಿದ ಮಾವ ‘ಅದಕ್ಯಾಕೆ ಹಂಗೆ ಕೂತ್ಕಂಡೆ? ಅಂಗ್ಡಿಗೋಗಿ ಒಂದು ಪಾವು ತತ್ತೀನಿ ಬಿಡು’ ಅಂದರು.

‘ಬ್ಯಾಡ. ಕಡೇ ದಿನ ಅಂಗ್ಡಿ ಮೆಟ್ಲು ತುಳಿಯಂಗಿಲ್ಲ. ಬಂದಷ್ಟರಲ್ಲೇ ಉಂಬೋದು.’

ಮೂರು ತಟ್ಟೆಗೆ ಬಡಿಸಿ ಅತ್ತೆ ಗೋಡೆಗೊರಗಿ ಕೂತರು. ಆ ಅನ್ನದಲ್ಲಿ ಯಾರಿಗೆ ಪಾಲಿಲ್ಲವೋ ಅವರು ಮನೆಯಲ್ಲಿ ಉಳಿಯುವುದಿಲ್ಲ ಎಂದು ಅವರು ನಂಬಿದ್ದರು. ಹೋಗುವವಳು ತಾನೇ ಆಗಲಿ ಎಂದು ಅತ್ತೆ ಹಾಗೆ ಕೂತದ್ದು. ಮಾವನಿಗೆ ಇದು ತಿಳಿಯದ್ದೇನಲ್ಲ. ಇಟ್ಟ ತಟ್ಟೆಯನ್ನು ಹಾಗೇ ಅತ್ತೆಯ ಮುಂದಕ್ಕೆ ತಳ್ಳಿದರು. ‘ನಂಗೆ ಬೆಳಿಗ್ಗೆ ಉಂಡ ಮುದ್ದೆನೇ ಕರಗಿಲ್ಲ ಕಣೇ. ನೀನುಣ್ಣು’ ಎಂದು ಎದ್ದು ಹೊರಗಿನ ಕಟ್ಟೆಗೆ ಹೋದರು. ಅತ್ತೆ ಕರೆದರು, ಬೈದರು, ಅತ್ತರು. ಅವರು ಒಳಗೆ ಬರಲಿಲ್ಲ. ಅನ್ನ ಚೆಲ್ಲಲು ಮನಸ್ಸಾಗದೆ ಕಡೆಗೆ ಅತ್ತೆ ಉಂಡರು. ಕುಡಿಕೆಯ ಅಕ್ಕಿ ನಾನು ತಿಂದೆ ಎಂದು ಒಂದು ಮಾತು ಬಾಯಿಬಿಟ್ಟಿದ್ದರೆ ಮುಗಿಯುತ್ತಿತ್ತು. ಹೆದರಿಕೆ, ನಾಚಿಕೆ. ತಲೆ ತಗ್ಗಿಸಿ ನನ್ನ ತಟ್ಟೆ ಖಾಲಿ ಮಾಡಿದೆ.

ಮುಂದಿನ ತಿಂಗಳ ನಡುವೆ, ಹಾಡುಹಗಲು, ಸಂತೆಯಿಂದ ಈರುಳ್ಳಿ ಚೀಲ ತಂದಿಟ್ಟು ಕಟ್ಟೆಯ ಮೇಲೆ ಕೂತ ಮಾವ ‘ಒಂದು ಲೋಟ ನೀರು ಕೊಡಮ್ಮ’ ಅಂದರು. ನಾನು ನೀರು ತರುವಷ್ಟರಲ್ಲಿ ಕೂತಲ್ಲೇ ಅವರ ಜೀವ ಹೋಗಿತ್ತು.

ಆಮೇಲೆ ಗಂಡನಿಗೆ ಹಿಂದೂಪುರದ ಹುಣಸೆಹಣ್ಣಿನ ಮಂಡಿಯೊಂದರಲ್ಲಿ ಕೆಲಸ ಸಿಕ್ಕಿತು. ಬಸ್ಸಿನಲ್ಲಿ ಅತ್ತೆ ಈ ಕುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು. ಮಗಳು ಹುಟ್ಟಿ ಅನ್ನ ಉಣ್ಣುವ ಹಾಗಾದ ಮೇಲೆ ಕುಡಿಕೆ ಮತ್ತೆ ನಾಲ್ಕು ಪಾವು ಕೊಡತೊಡಗಿತು. ಇಪ್ಪತ್ತಮೂರು ವರ್ಷ ಒಂದು ಹಿಡಿ ತಪ್ಪಿಸಿಲ್ಲ ನಾನು. ಜನ ಜಿಪುಣತನ ಎಂದರೆ ಸುಮ್ಮನಿದ್ದೆ. ಒಬ್ಬರ ಪಾಲು ತಿಂದು ಕೂತವಳು ನಾನು, ಆ ಭಯಕ್ಕೆ ಬಜೆಟ್ ಎಂದು ಹೆಸರಿಟ್ಟುಕೊಂಡಿದ್ದೆ.

ಅತ್ತೆಗೆ ಈಗ ಕಣ್ಣು ಕಾಣುವುದಿಲ್ಲ. ಅಡುಗೆಮನೆಯ ಬಾಗಿಲಿಗೆ ಎದುರಾಗಿ ಹಾಕಿದ ಮಂಚದ ಮೇಲೆ ದಿನವಿಡೀ ಕೂತಿರುತ್ತಾರೆ. ಕಿವಿ ಮಾತ್ರ ಚುರುಕು. ಹತ್ತು ದಿನದ ಹಿಂದೆ ನಾನು ಕುಡಿಕೆಗೆ ಹಿಡಿ ಹಾಕಿದಾಗ ಅಲ್ಲಿಂದಲೇ ಕೇಳಿದರು.

‘ಇವತ್ತು ಎಷ್ಟನೇ ತಾರೀಕಮ್ಮ?’

‘ಇಪ್ಪತ್ತು, ಅತ್ತೆ.’

‘ಇಪ್ಪತ್ತರ ಸದ್ದಲ್ಲ ಅದು. ತಳದಾಗೆ ಬಿದ್ದಂಗೆ ಕೇಳ್ತೈತೆ.’

ನನಗೂ ಹಾಗೇ ಕೇಳಿಸಿತ್ತು. ಮಗಳನ್ನು ಕೇಳಿದೆ, ‘ಹಸಿ ಅಕ್ಕಿ ಯಾರು ತಿಂತಾರಮ್ಮ, ಥೂ’ ಎಂದಳು. ಇಲಿಬೋನು ಇಟ್ಟೆ, ಇಲಿ ಬೀಳಲಿಲ್ಲ. ಮರುದಿನದಿಂದ ಎರಡೆರಡು ಹಿಡಿ ಹಾಕಿದೆ. ಸದ್ದು ಮೇಲೇರಲಿಲ್ಲ. ಮನೆಯಲ್ಲಿ ವಯಸ್ಸಾದವರು ಅತ್ತೆಯೊಬ್ಬರೇ. ಮೊನ್ನೆ ಮಧ್ಯಾಹ್ನ ತಡೆಯಲಾಗದೆ ಅವರ ಕಾಲ ಬಳಿ ಕೂತು ಹೇಳಿಬಿಟ್ಟೆ. ‘ಅತ್ತೆ, ಅವತ್ತು ಕಮ್ಮಿ ಬಂದಿದ್ದು ಏನೂ ಅಲ್ಲ. ಅಕ್ಕಿ ತಿಂದೋಳು ನಾನು. ಬಸುರೀಲಿ ದಿನಾ ಕದ್ದು ತಿಂತಿದ್ದೆ.’

ಅತ್ತೆ ನನ್ನ ತಲೆ ತಡವಿದರು. ‘ಗೊತ್ತು ಕಣಮ್ಮ. ನಿನ್ನ ತುಟಿ ಮ್ಯಾಲೆ ಬೆಳ್ಳಗೆ ಹಿಟ್ಟು ಅಂಟ್ಕಂಡಿರೋದು. ಬಸುರಿ ಹೆಂಗ್ಸು, ತಿನ್ಲಿ ಅಂತ ನಾನೇ ದಿನಾ ಇನ್ನೊಂದು ಹಿಡಿ ಹಾಕ್ಬುಡ್ತಿದ್ದೆ. ನೀನು ತಿಂದಿದ್ಕಿಂತ ಜಾಸ್ತೀನೇ ಹಾಕಿದ್ದೆ.’ ನನ್ನ ತಲೆಯಿಂದ ಕೈ ತೆಗೆದು ಅಂದರು, ‘ಆದ್ರೂ ಮೂರೇ ಬಂತು.’

ಇಷ್ಟು ವರ್ಷದ ಹೊರೆ ಇಳಿಯಿತೆಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆ ಹೊಳೆಯಿತು, ಹಾಗಾದರೆ ಅವತ್ತು ಕುಡಿಕೆ ಹೇಳಿದ್ದು ನಿಜ, ಈಗ ಹೇಳುತ್ತಿರುವುದೂ. ನಾನು ತಿಂದದ್ದೇ ಕಾರಣವಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮೊದಲ ಸಲ ಅನ್ನಿಸಿತು.

‘ತೆಪ್ಪು ನಂದು’ ಎಂದರು ಅತ್ತೆ. ‘ಅಂಗ್ಡಿಗೋಗಿ ತತ್ತೀನಿ ಅಂದ್ರು ಅವ್ರು. ಬ್ಯಾಡ ಅಂದ್ಬುಟ್ಟೆ. ಒಂದು ಪಾವು ಅಕ್ಕಿ ಕಣಮ್ಮ.’

ಈ ಮಾತನ್ನೇ ಮೆಲುಕು ಹಾಕುತ್ತ ಇವತ್ತು ಬೆಳಿಗ್ಗೆ ಮುಚ್ಚಿದ ಕುಡಿಕೆಯ ಮುಂದೆ ಕೂತಿದ್ದೆ. ಎಷ್ಟು ಹೊತ್ತು ಕೂತೆನೋ. ಆಮೇಲೆ ಎದ್ದು, ಪಾವನ್ನು ಗೂಡಿಗೆ ಎಸೆದು, ಗಂಡನನ್ನು ಕೂಗಿದೆ. ‘ರೀ, ಅಂಗ್ಡಿಗೋಗಿ ಎರಡು ಕೇಜಿ ಅಕ್ಕಿ ತನ್ನಿ.’

‘ಇವತ್ತಾ? ಕಡೇ ದಿನಾನಾ? ಜ್ವರ ಗಿರ ಬಂದೈತಾ ನಿಂಗೆ?’

‘ಬಂದೈತೆ. ಮೊದ್ಲು ಹೋಗಿ.’

ತಂದು ಕೊಡುವಾಗ ಅವರ ಮುಖದಲ್ಲಿ ನಗು. ಇಷ್ಟು ವರ್ಷದಲ್ಲಿ ತಿಂಗಳ ಕೊನೆಗೆ ಎಂದೂ ಕಾಣದ ಗಿರಾಕಿಯನ್ನು ಕಂಡು ಅಂಗಡಿಯವನು ‘ಚುಟ್ಟಾಲು ವಚ್ಚಾರಾ?’ ಅಂದನಂತೆ, ಮನೆಗೆ ನೆಂಟರು ಬಂದರಾ ಎಂದು. ನಾನು ನಗಲಿಲ್ಲ. ಚೀಲದ ಬಾಯಿ ಹರಿದು ಅಷ್ಟನ್ನೂ ಕುಡಿಕೆಗೆ ಸುರಿದೆ. ಕುಡಿಕೆ ತುಂಬಿ ಅಕ್ಕಿ ನೆಲಕ್ಕೆ ಚೆಲ್ಲಿತು.

ಮಂಚದಿಂದ ಅತ್ತೆ ಕೇಳಿದರು, ‘ಎಷ್ಟಮ್ಮ ಹಾಕ್ದೆ?’

‘ಅಳೀಲಿಲ್ಲ, ಅತ್ತೆ.’

ಅತ್ತೆ ಮಂಚದ ಅಂಚಿಗೆ ಸರಿದು ಕೂತರು. ‘ಸರ್ಲೇ. ಹಂಗಾದ್ರೆ ಒಂದು ತಟ್ಟೆ ಜಾಸ್ತಿ ಇಕ್ಕು. ಅವತ್ತು ನಿಮ್ಮ ಮಾವನ ಪಾಲು ನಾನುಂಡ್ಬುಟ್ಟಿದ್ದೆ.’

ಮಗಳಿಗೆ ರಜೆ, ಮನೆಯಲ್ಲೇ ಇದ್ದಳು. ಐದು ತಟ್ಟೆ ಕಂಡು ಏನೋ ಕೇಳಲು ಬಾಯಿ ತೆರೆದವಳು ಅಜ್ಜಿಯ ಮುಖ ನೋಡಿ ಐದು ಲೋಟಕ್ಕೆ ನೀರು ತುಂಬಿಸಿಟ್ಟಳು. ಅತ್ತೆಯನ್ನು ಕೈಹಿಡಿದು ತಂದು ಐದನೇ ತಟ್ಟೆಯ ಪಕ್ಕದಲ್ಲಿ ಕೂರಿಸಿದೆ. ಅದರ ಅನ್ನದ ಹಬೆ ಆರುವವರೆಗೆ ನಾವ್ಯಾರೂ ತುತ್ತು ಎತ್ತಲಿಲ್ಲ. ಆಮೇಲೆ ಅತ್ತೆ ತಮ್ಮ ತಟ್ಟೆಯಲ್ಲಿ ಉಂಡರು. ಎರಡನೇ ಸಲ ಹಾಕಿಸಿಕೊಂಡು ಉಂಡರು.

ನಾಳೆ ಒಂದನೇ ತಾರೀಕು. ಈಗ ಸಾಮಾನಿನ ಚೀಟಿ ಬರೆಯುತ್ತಿದ್ದೇನೆ. ಅಕ್ಕಿಯ ಸಾಲಿಗೆ ಬಂದಾಗ ಕೈ ತಾನಾಗಿ ಮಾವನನ್ನೂ ಸೇರಿಸಿ ಐದು ಜನಕ್ಕೆ ಆಗುವಷ್ಟು ಬರೆಯಿತು. ತಿದ್ದದೆ ಹಾಗೇ ಬಿಟ್ಟಿದ್ದೇನೆ.