ಹುಳು ಹಣ್ಣಾದ ದಿನ ಮೈದುನ ತೂರಾಡಿದ್ದು

ನನ್ನ ಮೈದುನ ಕುಡಿದು ಸಾಯಲಿಲ್ಲ. ತಲೆಯ ಹಿಂಭಾಗದಲ್ಲಿ ರಕ್ತನಾಳ ಒಡೆದು ಸತ್ತ. ಊರಿನವರು ಈಗಲೂ ಬೇರೆ ಹೇಳುತ್ತಾರೆ. ಹೇಳಿಕೊಳ್ಳಲಿ.

ಮೊನ್ನೆ ಒಲೆಗೆಂದು ಅಟ್ಟದ ಮೇಲಿದ್ದ ಹಳೆಯ ಚಂದ್ರಿಕೆ ಇಳಿಸಿ ಮುರಿದೆ. ರೇಷ್ಮೆ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ ಅದು. ಈಗೆಲ್ಲ ಪ್ಲಾಸ್ಟಿಕ್ ಬಂದಿದೆ. ಬಿದಿರಿನ ಸಂದಿಯಿಂದ ಹುಳುವಿನ ಹಳೆಯ ವಾಸನೆ ಎದ್ದಿತು... ಆ ಬೆಳಿಗ್ಗೆಯೂ ಮನೆಯೆಲ್ಲ ಅದೇ ವಾಸನೆ.

ಕೆಂಚಾರ್ಲಹಳ್ಳಿಯಲ್ಲಿ ಆಗ ನನ್ನ ಗಂಡ, ಮೈದುನ ಇಬ್ಬರ ಸಂಸಾರವೂ ಒಟ್ಟಿಗಿತ್ತು. ಹುಳು ಹಣ್ಣಾಗಿತ್ತು. ಸೊಪ್ಪು ತಿನ್ನುವುದು ಬಿಟ್ಟು, ತಲೆಯೆತ್ತಿ ನೂಲು ಬಿಡುವ ಹೊತ್ತು. ಆರಿಸಿ ಚಂದ್ರಿಕೆಗೆ ಹಾಕದಿದ್ದರೆ ನೂಲೆಲ್ಲ ಹಾಳು. ಅಂಥ ದಿನ ಯಾರ ಕೈಗೂ ಬಿಡುವಿರುವುದಿಲ್ಲ.

ಮೈದುನ ಹುಳು ಆರಿಸುವುದರಲ್ಲಿ ಬಲು ಚುರುಕು. ಅಂದು ಇದ್ದಕ್ಕಿದ್ದಂತೆ ಅವನ ಕೈ ಹುಳುವನ್ನು ಬಿಟ್ಟು ಪಕ್ಕಕ್ಕೆ ಹೋಗತೊಡಗಿತು. ಎತ್ತಿದ್ದನ್ನು ಚಂದ್ರಿಕೆಯ ಆಚೆ ಬಿಡುತ್ತಿದ್ದ. ಎದ್ದವನು ಕಾಲು ಅಗಲಿಸಿ ತೂರಾಡಿ, ಬಿದ್ದ ಹುಳುಗಳನ್ನೇ ತುಳಿದ.

"ತಲೆ ಹಿಂದ್ಗಡೆ ಒಡ್ದೋಗ್ತೈತೆ ಅತ್ಗೆ" ಎಂದ. ನಾಲಿಗೆ ತೊದಲುತ್ತಿತ್ತು.

"ಹುಳ ಹಣ್ಣಾಗೋ ಹೊತ್ಗೆ ನೀನೂ ಹಣ್ಣಾಗಿದ್ದೀಯೇನೋ?" ಎಂದರು ನಮ್ಮ ಯಜಮಾನರು, ಅವನ ಅಣ್ಣ. ಕೂಲಿಗೆ ಬಂದ ಹೆಂಗಸರು ನಕ್ಕರು. ಅವನು ಕುಡಿತ ಬಿಟ್ಟು ವರ್ಷಗಳಾಗಿದ್ದವು, ಆದರೆ ಅದು ಯಾರ ನೆನಪಿನಲ್ಲೂ ಇರಲಿಲ್ಲ. ಕುಡಿದವರು ಹುಳುವಿನ ಮನೆಯೊಳಗೆ ಬಂದರೆ ಹುಳುವಿಗೆ ರೋಗ ತಗಲುತ್ತದೆಂದು ನಮ್ಮಲ್ಲಿ ನಂಬಿಕೆ. ಯಜಮಾನರು ಅವನ ರೆಟ್ಟೆ ಹಿಡಿದು ಎಳೆದು ಜಗಲಿಗೆ ಹಾಕಿದರು.

ಅವನ ಹೆಂಡತಿ, ನನ್ನ ಓರಗಿತ್ತಿ, ಓಡಿಬಂದಳು. "ಅಕ್ಕ, ನೀನಾದ್ರೂ ಬಾಯಿ ಮೂಸಿ ನೋಡಕ್ಕ. ಕುಡ್ದಿಲ್ಲ ಕಣಕ್ಕ."

ಮೂಸಿದೆ. ಬೀಡಿ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಹಾಗೆಂದೇ ಹೇಳಿದೆ. ಅಷ್ಟರಲ್ಲಿ ಅವನು ವಾಂತಿ ಮಾಡಿಕೊಂಡ. ಕುಡಿದದ್ದೇ ಎನ್ನಲು ಯಜಮಾನರಿಗೆ ಅಷ್ಟು ಸಾಕಾಯಿತು.

"ಲಕ್ವ ಇರ್ಬೋದು ಕಣ್ರೀ" ಎಂದೆ.

ಯಜಮಾನರು ತಮ್ಮ ಕೈ ಕೊಟ್ಟು, "ಒತ್ತೋ ನೋಡಣ" ಎಂದರು. ಅವನು ಬಲವಾಗಿಯೇ ಒತ್ತಿದ. "ನೋಡು, ಮೂಳೆ ಮುರಿಯೋ ಹಂಗೆ ಹಿಡ್ದವ್ನೆ. ಬಾಯೂ ಸೊಟ್ಟಗಾಗಿಲ್ಲ. ಲಕ್ವವಂತೆ! ಮಜ್ಜಿಗೆ ಕುಡ್ಸಿ ಮಲಗ್ಸು, ಇಳೀತದೆ."

ಮಲಗಿಸಿದರು. ನಾವು ಹುಳು ಆರಿಸುತ್ತಲೇ ಇದ್ದೆವು. ಮಧ್ಯಾಹ್ನದ ಹೊತ್ತಿಗೆ ಅವನು ಕೂರಿಸಿದರೆ ಕೂರಲಾರ, ಕರೆದರೆ ತಡೆದು ಕಣ್ಣು ಬಿಡುತ್ತಾನೆ. ಓರಗಿತ್ತಿ ಯಾರನ್ನೂ ಕೇಳದೆ ಬೀದಿಯಲ್ಲಿ ಹೋಗುತ್ತಿದ್ದ ಟೆಂಪೋಗೆ ಅಡ್ಡ ನಿಂತಳು. ನಾನೂ ಹತ್ತಿದೆ.

ಚಿಂತಾಮಣಿಯ ಆಸ್ಪತ್ರೆಯಲ್ಲಿ ನರ್ಸಮ್ಮನೂ "ಎಷ್ಟು ಹಾಕವ್ರೆ?" ಎಂದೇ ಕೇಳಿದಳು. ಡಾಕ್ಟರು ಬಂದು ತಮ್ಮ ಬೆರಳನ್ನು ಮುಂದೆ ಹಿಡಿದು, "ಇದನ್ನ ಮುಟ್ಟಿ, ಆಮೇಲೆ ನಿಮ್ಮ ಮೂಗು ಮುಟ್ಕೊಳ್ಳಿ" ಎಂದರು. ಅವನ ಬೆರಳು ನಡುಗುತ್ತ ಹೋಗಿ ಕೆನ್ನೆಗೆ ತಾಗಿತು. ಹಿಮ್ಮಡಿಯನ್ನು ಇನ್ನೊಂದು ಕಾಲಿನ ಮೇಲೆ ಮಂಡಿಯಿಂದ ಕೆಳಕ್ಕೆ ಜಾರಿಸಲು ಹೇಳಿದರೆ ಅದು ಮಂಚದಾಚೆ ಹೋಯಿತು. ಪಕ್ಕಕ್ಕೆ ನೋಡಲು ಹೇಳಿದಾಗ ಕಣ್ಣುಗುಡ್ಡೆ ನಿಲ್ಲದೆ ಅದುರಿತು.

"ಇದು ಕುಡಿತ ಅಲ್ಲಮ್ಮ. ಕೈಕಾಲಲ್ಲಿ ಬಲ ಇದೆ, ಹತೋಟಿ ಹೋಗಿದೆ. ತಲೆ ಹಿಂದೆ ಚಿಕ್ಕ ಮೆದುಳು ಅಂತ ಇರುತ್ತೆ, ಅಲ್ಲಿ ಏನೋ ತೊಂದರೆ ಆಗಿದೆ. ಈಗಲೇ ಬೆಂಗಳೂರಿಗೆ ಹೊರಡಿ. ಬೆಳಗ್ಗೇನೇ ತರಬಾರದಾಗಿತ್ತಾ?"

ಓರಗಿತ್ತಿ ನನ್ನ ಮುಖ ನೋಡಿದಳು.

ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿ, ರಕ್ತನಾಳ ಒಡೆದು ಒಳಗೆಲ್ಲ ಊದಿಕೊಂಡಿದೆ ಎಂದರು. ಆಪರೇಷನ್‌ಗೆ ಒಯ್ಯುವಷ್ಟರಲ್ಲಿ ಉಸಿರು ನಿಂತಿತು.

ಆ ಸಲ ಗೂಡು ಚೆನ್ನಾಗಿಯೇ ಬಂತು. ಓರಗಿತ್ತಿ ತವರಿಗೆ ಹೋದವಳು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ಯಜಮಾನರೂ ಈಗಿಲ್ಲ. ಆ ಮನೆಯಲ್ಲಿ ಅವನ ಪರವಾಗಿ ಮಾತಾಡಲು ಉಳಿದವಳು ನಾನೊಬ್ಬಳೇ.

ಮೈದುನನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಹಾಲು ತುಪ್ಪ ಬಿಡಲು ಹೋದೆವು. ಸತ್ತವರಿಗೆ ಇಷ್ಟವಾದದ್ದನ್ನು ಗುಡ್ಡೆಯ ಮೇಲೆ ಎಡೆ ಇಡುವುದು ನಮ್ಮ ಪದ್ಧತಿ. ಯಜಮಾನರು ಜೇಬಿನಿಂದ ಸಾರಾಯಿ ಪ್ಯಾಕೆಟ್ ತೆಗೆದು ಎಲೆಯ ಮೇಲಿಟ್ಟರು. ಅಳುತ್ತಲೇ ಇಟ್ಟರು. ನಾನು ಅದನ್ನೆತ್ತಿಕೊಂಡು, ನೆಂಟರೆಲ್ಲ ನೋಡುತ್ತಿದ್ದಂತೆ, ಹಲ್ಲಿನಿಂದ ಕಚ್ಚಿ ಹರಿದು ಬೇಲಿಯ ಬುಡಕ್ಕೆ ಸುರಿದೆ. ಆಮೇಲೆ ಬಾಯಿ ತೊಳೆದು ಬಂದು ಹಾಲು ಬಿಟ್ಟೆ.