ಅಕ್ಕನ ನೃತ್ಯ, ನನ್ನ ಅಪರ್ಚರ್ ಮೋಡ್

ದೇವರಾಜ ಮೊಹಲ್ಲಾದಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಇಪ್ಪತ್ತು ವರ್ಷದಿಂದ ನಾನು ತೆಗೆದದ್ದೆಲ್ಲ ಅಲುಗಾಡದೆ ನಿಂತವರನ್ನೇ. ಪಾಸ್‌ಪೋರ್ಟ್ ಫೋಟೋದವರು, ಧಾರೆ ಮುಗಿದ ಮೇಲೆ ಸಾಲಾಗಿ ನಿಂತ ಬೀಗರು. ನಾಮಕರಣದ ಮಗು ಕೂಡ ನನ್ನ ಗದರಿಕೆಗೆ ಒಂದು ಗಳಿಗೆ ಸುಮ್ಮನಾಗುತ್ತಿತ್ತು. ಕ್ಯಾಮೆರಾ ಯಾವಾಗಲೂ ಅಪರ್ಚರ್ ಮೋಡಿನಲ್ಲೇ: ಲೆನ್ಸ್ ಎಷ್ಟು ತೆರೆಯಬೇಕೆಂದು ನಾನು ಹೇಳುವುದು, ಶಟರ್ ಎಷ್ಟು ಹೊತ್ತು ತೆರೆದಿರಬೇಕೆಂದು ಅದೇ ನೋಡಿಕೊಳ್ಳುವುದು. ಮಂಕು ಬೆಳಕಿಗೆಂದು ಏರಿಸುವ ಐಎಸ್‌ಒವನ್ನು ನಾನೂರು ದಾಟಿಸಿದವನಲ್ಲ. ದಾಟಿಸಿದರೆ ರವೆ ಚೆಲ್ಲಿದ ಹಾಗೆ ಗ್ರೇನ್ಸ್ ಬರುತ್ತದೆ, ದೊಡ್ಡ ಆಲ್ಬಂನಲ್ಲಿ ಮಾನ ಹೋಗುತ್ತದೆ ಎಂಬುದು ನಮ್ಮ ಕಸುಬಿನವರ ಭಯ.

ಸರಸ್ವತಿಪುರಂನಲ್ಲಿರುವ ನನ್ನ ಅಕ್ಕ ಐವತ್ತಕ್ಕೆ ಭರತನಾಟ್ಯದ ಕ್ಲಾಸಿಗೆ ಸೇರಿದಳು. ಮದುವೆಯಾದಾಗ ಬಿಟ್ಟಿದ್ದ ವಿದ್ಯೆ. ಭಾವ ಬೇಡ ಎನ್ನಲಿಲ್ಲ, ನಕ್ಕರು; ಅದು ಇನ್ನೂ ಕಷ್ಟ. ಐದು ವರ್ಷ ಕಲಿತ ಮೇಲೆ ಗುರುಗಳು ಶಿಷ್ಯೆಯರ ಕಾರ್ಯಕ್ರಮದಲ್ಲಿ ಒಂದಿಡೀ ವರ್ಣವನ್ನು, ಅಂದರೆ ಭರತನಾಟ್ಯದಲ್ಲೇ ದೊಡ್ಡ ನೃತ್ಯವನ್ನು, ಅವಳೊಬ್ಬಳಿಗೇ ಕೊಟ್ಟರು. ಅಷ್ಟರಲ್ಲಿ ಮಂಡಿ ಎರಡೂ ಸವೆದು, ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತುಮಾಡಿದ್ದರು. ಆಮೇಲೆ ಹೆಜ್ಜೆ ಕುಟ್ಟುವ ಹಾಗಿಲ್ಲ. ಭಾವನಿಗೋ, ಕಾರ್ಯಕ್ರಮದ ದಿನವೇ ಪರವೂರಿನಲ್ಲಿ ಏನೋ ಕೆಲಸ.

"ಒಂದೇ ಒಂದು ಫೋಟೋ ಚೆನ್ನಾಗಿ ಬಂದ್ರೆ ಸಾಕು ಕಣೋ," ಅಂದಳು ಅಕ್ಕ. "ನಾನು ಕುಣೀತಿರೋದನ್ನ ನಿಮ್ಮ ಭಾವ ನೋಡ್ಬೇಕು."

ಸಭಾಂಗಣದಲ್ಲಿ ಗುರುಗಳು ಎಲ್ಲರ ಮೊಬೈಲ್ ಆಫ್ ಮಾಡಿಸಿದರು. ಫ್ಲ್ಯಾಶೂ ಕೂಡದು. ವೇದಿಕೆಯ ಬೆಳಕು ಮಂಕಾಗಿತ್ತು. ಅಕ್ಕ ಶುರುಮಾಡಿದ ಸ್ವಲ್ಪ ಹೊತ್ತಿಗೆ, ಪಕ್ಕದಲ್ಲಿ ಲೈಟ್ ನೋಡಿಕೊಳ್ಳುತ್ತಿದ್ದವರು ನನ್ನ ಕ್ಯಾಮೆರಾದ ಸದ್ದು ಕೇಳಿ ಬಗ್ಗಿದರು. "ಶಟರ್ ಬಲು ನಿಧಾನ ಬೀಳ್ತೈತೆ ಸಾರ್. ಶಟರ್ ಮೋಡಿಗೆ ಹಾಕಿ ಸೆಕೆಂಡಿನ ಐನೂರ್ನೇ ಒಂದು ಪಾಲಿಗೆ ಇಟ್ಬುಡಿ. ಐಎಸ್‌ಒ ಏರ್ಸಿ, ಗ್ರೇನ್ಸ್ ಬಂದ್ರೆ ಬರ್ಲಿ." ನನಗೆ ಮೈಯೆಲ್ಲ ಉರಿದುಹೋಯಿತು. ಲೈಟಿನವರಿಂದ ಕಲಿಯಬೇಕೇ ನಾನು? ನಿಮ್ಮ ಕೆಲಸ ನೀವು ನೋಡಿಕೊಳ್ಳಿ ಎಂದುಬಿಟ್ಟೆ. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು.

ಮಾರನೆಯ ದಿನ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದೆ. ಅಯ್ಯೋ ನನ್ನ ಜಂಭವೇ! ಬೆಳಕು ಸಾಲದೆ ಶಟರ್ ತೆರೆದೇ ಇತ್ತು, ಅಷ್ಟರಲ್ಲಿ ಅಕ್ಕನ ಕೈ ಎಲ್ಲಿಂದ ಎಲ್ಲಿಗೋ ಹೋಗಿತ್ತು. ಕೈ ಇರಬೇಕಾದಲ್ಲಿ ಬಣ್ಣದ ಗೀರು, ಮುಖದಲ್ಲಿ ನಾಲ್ಕು ಕಣ್ಣು. ಇನ್ನೂರು ಚಿಲ್ಲರೆ ಫೋಟೋದಲ್ಲಿ ಚೊಕ್ಕವಾಗಿ ಬಂದದ್ದು ಎರಡು: ಮೊದಲು ಕೈಮುಗಿದು ನಿಂತದ್ದು, ಕೊನೆಗೆ ಕೈಮುಗಿದು ನಿಂತದ್ದು. ಗ್ರೇನ್ಸ್ ಮಾತ್ರ ಒಂದಿಷ್ಟೂ ಇರಲಿಲ್ಲ.

ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ಕಲಸಿಹೋದದ್ದನ್ನೇ ಭಾವನಿಗೆ ತೋರಿಸು ಎಂದೆ. ದೆವ್ವದ ಹಾಗಿದೀನಿ, ಇನ್ನೂ ನಗ್ತಾರೆ ಬಿಡು ಎಂದಳು. ಕೈಮುಗಿದದ್ದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದಳು.

ಆಪರೇಷನ್ ಆದಮೇಲೆ ನೋಡಲು ಹೋದೆ. ಇನ್ನೊಂದೇ ಸಲ ಗೆಜ್ಜೆ ಕಟ್ಟಿಕೋ, ಈ ಸಲ ಸರಿಯಾಗಿ ತೆಗೀತೀನಿ ಎಂದು ಬೇಡಬೇಕೆಂದಿದ್ದೆ. ಅವಳು ವಾಕರ್ ಹಿಡಿದು ಬಾಗಿಲ ತನಕ ಬಂದದ್ದನ್ನು ನೋಡಿ ಬಾಯಿ ಮುಚ್ಚಿಕೊಂಡೆ. ಕಾಫಿ ತಂದ ಭಾವ ಗೋಡೆಯ ಫೋಟೋ ಕಡೆ ನೋಡಿದರು.

"ಬರೀ ನಿಂತ್ಕೊಳ್ಳೋದಕ್ಕೆ ಐದು ವರ್ಷ ಕ್ಲಾಸಿಗೆ ಹೋದ್ಯಾ?"

ಅಕ್ಕನೂ ನಕ್ಕಳು. ನಾನು ನಗಲಾರದೆ, ಇಲ್ಲ ಭಾವ, ಕುಣಿದಳು, ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುವಷ್ಟು ಚೆನ್ನಾಗಿ ಕುಣಿದಳು ಎಂದೆ. ತಮ್ಮನಾದವನು ಹಾಗೇ ಹೇಳಬೇಕಲ್ಲವೇ ಎನ್ನುವ ಹಾಗೆ ಅವರು ನನ್ನ ಬೆನ್ನು ತಟ್ಟಿದರು.